ಜಿಂಕೆಯಾದ ಕುರಿ

18 ಅಕ್ಟೋಬರ್ 2006, ಹೆಗ್ಗಡದೇವನಕೋಟೆ

ಇವತ್ತು ನ್ಯಾಯಾಧೀಶರು ಇನ್ನೊಂದು ದರಿದ್ರ ಕೇಸನ್ನು ನನ್ನ ತಲೆಗೆ ಕಟ್ಟಿದರು. "ಆರೋಪಿಗೆ ವಕೀಲರಿಲ್ಲ, ಶಾಂತಲಾ ಮೇಡಂ ನೋಡಿಕೊಳ್ಳಲಿ" ಅಂತ. ಕಾನೂನು ನೆರವು ಅಂದ ತಕ್ಷಣ ನನ್ನ ಹೆಸರೇ ಯಾಕೆ ನೆನಪಾಗುತ್ತದೋ! ಉಳಿದವರೆಲ್ಲ ಮಂಡಿನೋವು, ಮಗಳ ನಾಮಕರಣ ಅಂತ ಜಾರಿಕೊಳ್ಳುತ್ತಾರೆ. ನನಗೆ ಅಂಥ ಸುಳ್ಳು ಬರುವುದಿಲ್ಲ, ಬೈಯಲು ಮಾತ್ರ ಬರುತ್ತದೆ.

ಆಸಾಮಿಯ ಹೆಸರು ಚಿಕ್ಕಮಾದು. ರಾವಂದೂರಿನ ಕಡೆಯವನು. ಅಲ್ಲಿ ವೀರಭದ್ರಸ್ವಾಮಿ ಎಂಬ ದೊಡ್ಡ ಕುಳದ ಹೊಗೆಸೊಪ್ಪು ಹದ ಮಾಡುವ ಎತ್ತರದ ಕೋಣೆಗೆ, ಅಂದರೆ ಬ್ಯಾರನ್‌ಗೆ ಬೆಂಕಿ ಹಾಕುವುದು ಅವನ ಕೆಲಸ. ಹೋದ ತಿಂಗಳು ಅಂತರಸಂತೆಯಲ್ಲಿರುವ ಮಗಳ ಮನೆಗೆ ಹೊರಟಿದ್ದನಂತೆ. ಫಾರೆಸ್ಟಿನವರು ಬಸ್ಸು ತಡೆದು ಚೀಲ ಬಿಚ್ಚಿಸಿದರೆ ಒಳಗೆ ಒಣಮಾಂಸ. ಅವನು ಕುರಿ ಅಂದ, ಅವರು ಜಿಂಕೆ ಅಂದರು. ಬೆಂಗಳೂರಿನ ಒಂದು ಖಾಸಗಿ ಲ್ಯಾಬಿಗೆ ಕಳಿಸಿದರು. ಡಿಎನ್‌ಎ ಪರೀಕ್ಷೆ ಮಾಡಿ ಅವರೂ ಚುಕ್ಕೆಜಿಂಕೆ ಅಂತಲೇ ಬರೆದಿದ್ದಾರೆ. ಇನ್ನೇನು ಉಳಿಯಿತು ವಾದ ಮಾಡಲು, ನನ್ನ ತಲೆ! ಮೂರು ವರ್ಷದವರೆಗೆ ಒಳಗೆ ಹಾಕಬಹುದು. ಜಾಮೀನಿಗೆ ನಿಲ್ಲುವ ಜಮೀನಿನವರು ಯಾರೂ ಇಲ್ಲ, ಹಾಗಾಗಿ ಸಬ್‌ಜೈಲಿನಲ್ಲೇ ಇದ್ದಾನೆ.

ಮಧ್ಯಾಹ್ನ ಅವನ ಹೆಂಡತಿ ಮಲ್ಲಾಜಮ್ಮ ಆಫೀಸಿಗೆ ಬಂದಳು. ಕುಳಿತುಕೊಳ್ಳುವ ಮೊದಲೇ ಶುರು ಮಾಡಿದಳು. "ಮಗ್ಳು ಬಾಣ್ತಿ ಕಣ್ರವ್ವಾ. ಮೊಮ್ಮಗೂನ ನೋಡ್ಕಂಡು, ಒಂದೀಟು ಉಪ್ಪುಕಂಡ ಕೊಟ್ಟು ಬರಾನ ಅಂತ ಓದ್ರು. ಉಪ್ಪುಕಂಡದ ಸಾರು ಕುಡುದ್ರೆ ಬಾಣ್ತಿ ಸ್ವಂಟ ಗಟ್ಟಿಯಾಯ್ತದೆ..."

ಮೊಟ್ಟೆ ಕೂಡ ಹೊಸಿಲು ದಾಟದ ಮನೆಯಲ್ಲಿ ಹುಟ್ಟಿದವಳು ನಾನು. ಉಪ್ಪು ಸವರಿ ಒಣಗಿಸಿದ ಮಾಂಸದ ವರ್ಣನೆ ನನಗೆ ಬೇಕಾಗಿರಲಿಲ್ಲ. ಬಾಗಿಲ ಆಚೆ ನಿಂತು ಹೇಳು, ದೇವರ ಫೋಟೋ ಇರುವ ಕಡೆ ಈ ಮಾತು ಬೇಡ ಅಂದೆ. ಆಚೆ ಹೋಗಿ ನಿಂತಳು, ಆಮೇಲೆ ಕೇಳಿದ್ದಕ್ಕೆಲ್ಲ ಹೂಂ, ಊಹೂಂ ಅಷ್ಟೆ. ಒಳ್ಳೆಯದೇ ಆಯಿತು, ಬೇಗ ಮುಗಿಯಿತು.

27 ಅಕ್ಟೋಬರ್

ಸಬ್‌ಜೈಲಿಗೆ ಹೋಗಿ ಆಸಾಮಿಯನ್ನು ನೋಡಿ ಬಂದೆ. ಕಡ್ಡಿ ಪೈಲ್ವಾನ. ನನ್ನ ಮುಖ ನೋಡುವುದಿಲ್ಲ, ನನ್ನ ಚಪ್ಪಲಿ ನೋಡಿಕೊಂಡು ಮಾತಾಡುತ್ತಾನೆ. ಎಲ್ಲಿ ಒಣಗಿಸಿದೆ ಅಂದರೆ, "ಬಿಸ್ಲಾಗೆ ಕಣವ್ವಾ, ಮನೆ ಮ್ಯಾಲೆ" ಅಂದ. ಆಗಸ್ಟ್ ಕೊನೆಯಲ್ಲಿ ರಾವಂದೂರಿನಲ್ಲಿ ಬಿಸಿಲೆಲ್ಲಿತ್ತು? ನಮ್ಮಣ್ಣನ ಊರು ಬೆಟ್ಟದಪುರ ಪಕ್ಕದಲ್ಲೇ ಇದೆ, ಆಗ ಅವನ ಹೊಲದಲ್ಲಿ ಹೊಗೆಸೊಪ್ಪು ಮುರಿಯಲೂ ಮಳೆ ಬಿಟ್ಟಿರಲಿಲ್ಲ. ಬಾಯಿ ತೆಗೆದರೆ ಸುಳ್ಳು. ಕಾಡಿನಲ್ಲಿ ಬೇಟೆಯಾಡಿರುತ್ತಾನೆ. ಇಂಥವನಿಗಾಗಿ ನಾನು ಪೆಟ್ರೋಲು ಸುಡಬೇಕು.

4 ನವೆಂಬರ್, ಹುಣಸೂರು

ಕಾರು ರಿಪೇರಿಗೆ ಕೊಟ್ಟು, ಬೇರೆ ಕೇಸಿಗೆಂದು ಹುಣಸೂರಿಗೆ ಬಸ್ಸಿನಲ್ಲಿ ಹೋಗಿದ್ದೆ. ಝೆರಾಕ್ಸ್ ಮಾಡಿಸಲು ನೂಮಾನ್‌ನ ಸೈಬರ್ ಸೆಂಟರಿಗೆ ಹೋದೆ. ಅವನ ಅಕ್ಕ ಮಹೆಕ್ ಅಲ್ಲಿ ಕುಳಿತಿದ್ದಳು. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಾಳಂತೆ. ಝೆರಾಕ್ಸ್ ಯಂತ್ರದಿಂದ ಬರುತ್ತಿದ್ದ ನನ್ನ ಲ್ಯಾಬ್ ವರದಿಯನ್ನು ಕೈಗೆತ್ತಿಕೊಂಡು ಓದತೊಡಗಿದಳು. ಯಾರನ್ನು ಕೇಳಿದಳು?

"ರೀ, ಅದು ಕೋರ್ಟಿನ ಕಾಗದ" ಅಂದೆ.

"ಗೊತ್ತಾಯ್ತು ಮೇಡಂ. ಇದನ್ನ ನೀವು ಓದಿದ್ದೀರಾ?"

"ಕೊನೇ ಸಾಲು ಓದಿದ್ದೇನೆ. ಜಿಂಕೆ ಅಂತಿದೆ."

"ಕೊನೇ ಸಾಲು ಓದೋಕೆ ವಕೀಲರೇ ಬೇಕಾ?"

ಎಷ್ಟು ಕೊಬ್ಬು! ಹೊರಟೇ ಬಿಡುತ್ತಿದ್ದೆ, ಕೋಟೆ ಬಸ್ಸು ಇನ್ನೂ ಬಂದಿರಲಿಲ್ಲ. ಅವಳೇ ಕುರ್ಚಿ ಎಳೆದು ಕೂರಿಸಿ ಹೇಳಿದಳು. ಡಿಎನ್‌ಎ ಪರೀಕ್ಷೆ ಅಂದರೆ ಎಲ್ಲ ಕಡೆ ಒಂದೇ ಅಲ್ಲವಂತೆ. ಯಾವ ಪ್ರಾಣಿಯ ಡಿಎನ್‌ಎಯಲ್ಲಿ ಯಾವ ತುಂಡನ್ನು ಹುಡುಕಬೇಕು, ಹೇಗೆ ಹುಡುಕಬೇಕು ಅಂತ ಒಬ್ಬೊಬ್ಬರು ಒಂದೊಂದು ವಿನ್ಯಾಸ ಮಾಡುತ್ತಾರಂತೆ. ಅದನ್ನು ಇಂಟರ್ನೆಟ್ಟಿನಲ್ಲಿ ಒಂದು ಡಾಟಾಬೇಸಿಗೆ ಹಾಕುತ್ತಾರಂತೆ, ಬೇರೆಯವರು ತೆಗೆದುಕೊಂಡು ಬಳಸಲಿ ಅಂತ. ಬಳಸಿದವರು ಅದರ ಕೆಳಗೇ ಬರೆಯುತ್ತಾರೆ: ನಮಗೆ ಸರಿಯಾಗಿ ಬಂತು, ನಮಗೆ ಕೈಕೊಟ್ಟಿತು. ನನ್ನ ವರದಿಯಲ್ಲಿ ಆ ವಿನ್ಯಾಸದ ನಂಬರು ಸಣ್ಣ ಅಕ್ಷರದಲ್ಲಿತ್ತು. ಮಹೆಕ್ ಅದನ್ನು ಕಂಪ್ಯೂಟರಿನಲ್ಲಿ ಒತ್ತಿದಳು. ಪುಟ ಬರುವಷ್ಟರಲ್ಲಿ ಎರಡು ಬಸ್ಸು ಹೋದವು.

ಬಂತು. ವಿನ್ಯಾಸ ಹಾಕಿದವನು ಆ ಬೆಂಗಳೂರು ಲ್ಯಾಬಿನವನೇ. ವರದಿಗೆ ಸಹಿ ಮಾಡಿದವನೂ ಅವನೇ. ಅದರ ಕೆಳಗೆ ಕೇರಳದ ಪಶುವೈದ್ಯ ಕಾಲೇಜಿನ ಶೋಶಾಮ್ಮ ಎಂಬ ಡಾಕ್ಟರು ಬರೆದಿದ್ದಾರೆ: ಹಸಿಮಾಂಸಕ್ಕೆ ಸರಿ, ಕಾವಿನಲ್ಲಿ ಒಣಗಿಸಿದ ಕುರಿಮಾಂಸವನ್ನು ಇದು ಜಿಂಕೆ ಅನ್ನುತ್ತದೆ, ಒಣಮಾಂಸಕ್ಕೆ ಬಳಸಬೇಡಿ. ಅದಕ್ಕೆ ಇವನ ಉತ್ತರ: ನಿಮ್ಮ ಲ್ಯಾಬು ಗಲೀಜಿರಬೇಕು, ನನ್ನ ವಿನ್ಯಾಸದಲ್ಲಿ ತಪ್ಪಿಲ್ಲ. ಅದಕ್ಕೆ ಅವರು ಇನ್ನೊಂದು. ಇವನು ಮತ್ತೊಂದು. ನಮ್ಮ ಬಾರ್ ಅಸೋಸಿಯೇಷನ್ ಚುನಾವಣೆಯಲ್ಲೂ ಇಷ್ಟು ಚೆಂದ ಜಗಳ ಆಗುವುದಿಲ್ಲ. ಎಲ್ಲ ನಮ್ಮ ಆಸಾಮಿ ಸಿಕ್ಕಿಬೀಳುವುದಕ್ಕೆ ಮೊದಲೇ ನಡೆದದ್ದು.

ಬಹಳ ದಿನದ ಮೇಲೆ ಖುಷಿಯಾಯಿತು. ಆಸಾಮಿಗಾಗಿ ಅಲ್ಲ. ಆ ಲ್ಯಾಬಿನವನ ಕಾಲರ್ ಹಿಡಿಯಬಹುದಲ್ಲ, ಅದಕ್ಕೆ.

11 ನವೆಂಬರ್

ಶೋಶಾಮ್ಮನವರಿಗೆ ಫೋನು ಮಾಡಿದೆ. ಮಲಯಾಳಂ ರಾಗದಲ್ಲಿ ಇಂಗ್ಲಿಷು, ನಡುನಡುವೆ ಮೈಸೂರಿನಲ್ಲಿ ಓದಿದಾಗಿನ ಕನ್ನಡ. ವಿಷಯ ಇಷ್ಟೇ: ಕುರಿ ಅಂತ ತೋರಿಸಲು ಆ ಪರೀಕ್ಷೆಗೆ ಡಿಎನ್‌ಎಯ ಉದ್ದನೆಯ ತುಂಡು ಬೇಕು, ಜಿಂಕೆ ಅನ್ನಲು ಗಿಡ್ಡ ತುಂಡು ಸಾಕು. ಜಿಂಕೆಗೆಂದು ಮಾಡಿದ ಬಲೆಗೆ ಕುರಿಯ ತುಂಡೂ ಅಷ್ಟಿಷ್ಟು ಸಿಕ್ಕಿಕೊಳ್ಳುತ್ತದೆ. ಮಾಂಸ ಹಸಿಯಿದ್ದಾಗ ಉದ್ದನೆಯದು ಎದ್ದು ಕಾಣುವುದರಿಂದ ತೊಂದರೆಯಿಲ್ಲ. ಬಹಳ ಹೊತ್ತು ಕಾವು ತಾಗಿದರೆ ಉದ್ದನೆಯವೆಲ್ಲ ಪುಡಿಯಾಗಿ ಗಿಡ್ಡವಷ್ಟೇ ಉಳಿಯುತ್ತವೆ. ಆಗ ಕುರಿ ಜಿಂಕೆಯಾಗುತ್ತದೆ.

"ಬಟ್ ಅಡ್ವೊಕೇಟ್, ಬಿಸಿಲಲ್ಲಿ ಒಣಗಿಸಿದ್ದು ಸರಿಯಾಗಿಯೇ ಬರ್ತದೆ. ನಾವು ನೋಡಿದ್ದೇವೆ. ಅವನು ಎಲ್ಲಿ ಒಣಗಿಸಿದ್ದು?"

ಬಿಸಿಲಿನಲ್ಲಿ ಅಂತ ಹೇಳುತ್ತಿದ್ದಾನೆ ಅಂದೆ.

"ಹಾಗಾದ್ರೆ ನನ್ನಿಂದ ಉಪಯೋಗ ಇಲ್ಲ" ಅಂದರು. ಫೋನನ್ನು ಕುಕ್ಕಿದೆ.

13 ನವೆಂಬರ್

ಸಬ್‌ಜೈಲಿನಲ್ಲಿ ಗಂಟಲು ಹರಿಯುವಂತೆ ಕೂಗಾಡಿದೆ. "ಬಿಸಿಲು ಅಂದರೆ ಮೂರು ವರ್ಷ ಕಣಯ್ಯಾ, ಕಾವು ಅಂದರೆ ಮನೆಗೆ. ಎಲ್ಲಿ ಒಣಗಿಸಿದೆ ಬೊಗಳು" ಅಂದೆ. ಆಗಲೂ, "ಬಿಸ್ಲಾಗೇ ಕಣವ್ವಾ" ಅಂದ. ಕಣ್ಣಲ್ಲಿ ನೀರು ಬೇರೆ.

ಹೊರಗೆ ಮಲ್ಲಾಜಮ್ಮ ಕುಳಿತಿದ್ದಳು. ಅವಳಿಗೂ ಬೈದೆ. ನಿಮ್ಮ ಹಣೆಬರಹ, ನಾನು ಕೈ ತೊಳೆದುಕೊಂಡೆ ಅಂದೆ. ಆಗ ಎದ್ದಳು ನೋಡು, ಮೆತ್ತಗೆ ಮಾತಾಡುವ ಹೆಂಗಸು!

"ಬ್ಯಾರನ್‌ನಾಗೆ ಕಣವ್ವಾ ಒಣಗಾಕಿದ್ದು! ಸೊಪ್ಪು ಇಳಿಸಿದ್ ಮ್ಯಾಲೆ ಕೊಳವೆ ಕಾವು ಆರಾಕೆ ಒಂದಿನ ಆಯ್ತದಲ್ಲ, ಆಗ ಕಟ್ಟಾದು. ಎರಡು ಮೂರು ಸಲ ಅಂಗೇ ಕಾವು ಕುಡಿಸ್ತೀವಿ. ಅದು ವೀರಭದ್ರಸ್ವಾಮ್ಯೋರ ಬ್ಯಾರನ್ನು. ಮದ್ಲು ಸೌದೆ ಹಾಕೋವಾಗ ಊದ್ಬತ್ತಿ ಅಚ್ಚಿ ಕಾಯಿ ಒಡೀತಾರೆ ಅವ್ರು. ಅದ್ರೊಳಗೆ ಕುರಿ ಬಾಡು ಕಟ್ಟಿದ್ರು ಅಂತ ಗೊತ್ತಾದ್ರೆ ನಮ್ಮನ್ನ ಇಟ್ಕತಾರಾ? ಇರಾ ಮನೆನೂ ಅವ್ರುದೇಯ."

"ನನ್ನ ಹತ್ತಿರ ಹೇಳೋದಕ್ಕೇನಾಗಿತ್ತು?"

"ನಿಮ್ತಾವ ಎಂಗವ್ವಾ ಏಳಾದು? ನೀವೂ ಅವ್ರ ಜಾತಿಯೋರೇ ಅಲ್ವಾ. ಮದ್ಲುನೇ ದಿನ ಬಾಡು ಅಂದುದ್ಕೇ ಬಾಗ್ಲಾಚೆ ನಿಲ್ಸುದ್ರಿ."

ಏನು ಧೈರ್ಯ ಇವರಿಗೆ! ಪುಕ್ಕಟೆ ಕೆಲಸ ಮಾಡುವುದೂ ಅಲ್ಲದೆ ಅನ್ನಿಸಿಕೊಳ್ಳಬೇಕು. ಸಿಟ್ಟು ಇನ್ನೂ ಇಳಿದಿಲ್ಲ. ಊಟ ಸೇರಲಿಲ್ಲ. ಹೋಟೆಲಿನ ಪಲ್ಯ ಹಳಸಿತ್ತು ಅಂತ ಕಾಣುತ್ತದೆ.

21 ನವೆಂಬರ್

ಬೇರೆ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿ ಅಂತ ಅರ್ಜಿ ಹಾಕಿದೆ. ಸರ್ಕಾರಿ ವಕೀಲರು ಹಲ್ಲು ಕಿರಿಯುತ್ತಾ ಎದ್ದು, ಮಾಲು ಪೂರ್ತಿ ಬಳಕೆಯಾಗಿದೆ, ಉಳಿದಿಲ್ಲ ಅಂದರು. ಹಾಳಾಗಿ ಹೋಗಲಿ ಇವರೆಲ್ಲ.

4 ಡಿಸೆಂಬರ್, ಬೆಟ್ಟದಪುರ

ಇದನ್ನು ಬರೆಯಲೋ ಬೇಡವೋ ಗೊತ್ತಿಲ್ಲ. ಯಾರಾದರೂ ಓದಿದರೆ ನನಗೆ ತಲೆ ಕೆಟ್ಟಿದೆ ಅನ್ನುತ್ತಾರೆ.

ಬ್ಯಾರನ್ ವಿಷಯ ತಿಳಿಸಿದ ಮೇಲೆ ಶೋಶಾಮ್ಮನವರು ಒಂದು ದಾರಿ ಹೇಳಿದ್ದರು. ಕುರಿ ಅಂತ ನಾಲ್ಕು ಜನ ನೋಡಿದ ಮಾಂಸವನ್ನೇ ಬ್ಯಾರನ್‌ನಲ್ಲಿ ಒಣಗಿಸಿ ಕಳಿಸಿ, ಅದೇ ವಿನ್ಯಾಸದಲ್ಲಿ ಹಾಕಿ ನೋಡುತ್ತೇನೆ, ಜಿಂಕೆ ಅಂತ ಬಂದರೆ ಕೋರ್ಟಿಗೂ ಬಂದು ಹೇಳುತ್ತೇನೆ ಅಂತ. ಸರಿ, ಬ್ಯಾರನ್ ಎಲ್ಲಿಂದ ತರುವುದು? ಯಾರು ಕೊಡುತ್ತಾರೆ? ಮಹೆಕ್ ಕೇಳಿಯೇಬಿಟ್ಟಳು, "ನಿಮ್ಮಣ್ಣಂದೇ ಇದೆಯಲ್ಲ ಮೇಡಂ?" ಬಾಯಿಗೆ ಬಂದಂತೆ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡು, ಥರ್ಮಾಮೀಟರು ನಾನು ತರ್ತೀನಿ ಅಂದಳು.

ಬೆಳಿಗ್ಗೆ ಹುಣಸೂರಿನಲ್ಲಿ ಜಾನ್ ಪಾಷಾ ಅವರ ಅಂಗಡಿಗೆ ಹೋದೆವು. ನನ್ನ ಜನ್ಮದಲ್ಲಿ ಮಾಂಸದಂಗಡಿ ಮೆಟ್ಟಿಲು ಹತ್ತಿದವಳಲ್ಲ. ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತೇ ಪಂಚನಾಮೆ ಬರೆದೆ. ಪಾಷಾ ಅವರು, "ಬಕ್ರೀದಿಗೂ ಇಷ್ಟು ಸಹಿ ಹಾಕಿಲ್ಲಮ್ಮ ನಾನು" ಅಂದರು. ಒಂದೇ ಕುರಿಯ ತೊಡೆ. ಅರ್ಧ ಐಸಿನ ಡಬ್ಬಕ್ಕೆ, ಅರ್ಧ ಉಪ್ಪು ಅರಿಸಿನ ಸವರಿ ದಾರಕ್ಕೆ. ಎಲ್ಲದರ ಮೇಲೂ ಅರಗಿನ ಮೊಹರು, ನಮ್ಮೆಲ್ಲರ ಸಹಿ.

ಅಣ್ಣ ಕಂಠಪ್ಪ ಸೊಪ್ಪು ಹಾಕಿಕೊಂಡು ಹರಾಜುಕಟ್ಟೆಗೆ ಹೋಗಿದ್ದ. ಸೊಪ್ಪು ಇಳಿಸಿದ ಬ್ಯಾರನ್ ಒಳಗೆ ಇನ್ನೂ ಕಾವಿತ್ತು. ಮಲ್ಲಾಜಮ್ಮ ಅಟ್ಟಣೆ ಹತ್ತಿ ಕಟ್ಟಿದಳು, ಮಹೆಕ್ ಥರ್ಮಾಮೀಟರು ನೋಡಿ ಬರೆದುಕೊಂಡಳು. ಕೆಳಗಿನಿಂದ ದಾರ ಎತ್ತಿ ಕೊಡುವವರು ಯಾರೂ ಇರಲಿಲ್ಲ. ನಾನೇ ಕೊಟ್ಟೆ. ಕೈಯನ್ನು ಎಷ್ಟು ತೊಳೆದರೂ ವಾಸನೆ ಹೋಗುತ್ತಿಲ್ಲ.

ಮಲ್ಲಾಜಮ್ಮ ಇಳಿದು ಬಂದು ನನ್ನ ಕೈಗೆ ನೀರು ಹಾಕಿದಳು.

17 ಡಿಸೆಂಬರ್

ಅಣ್ಣ ಮನೆಯಲ್ಲಿಲ್ಲದ ದಿನ ನೋಡಿ ಕಟ್ಟುತ್ತಿದ್ದೆವು. ಮೂರನೆಯ ಸಲ ಕಾವು ಕುಡಿಸಿ ಇಳಿಸುತ್ತಿದ್ದಾಗ ಬಂದುಬಿಟ್ಟ. ಬಾಗಿಲಲ್ಲಿ ನಿಂತು ಮೇಲೆ ನೋಡಿದ, ನನ್ನನ್ನು ನೋಡಿದ.

"ಏನೇ ಇದು?"

"ಕೋರ್ಟ್ ಕೆಲಸ" ಅಂದೆ.

"ನಿನ್ ಕೋರ್ಟಿಗೆ ಬೆಂಕಿ ಬೀಳ! ಅಪ್ಪ ಕಟ್ಟಿಸಿದ ಬ್ಯಾರನ್‌ನಲ್ಲಿ ಬಾಡು ನೇತುಹಾಕಿದ್ದೀಯಲ್ಲೇ? ಲಿಂಗ ಹಿಡಿಯೋ ಕೈಲಿ! ಊರಿನೋರ ಮುಂದೆ ನಾನು ಮುಖ ಎತ್ತೋದು ಬೇಡ್ವಾ?"

"ಒಬ್ಬ ಮನುಷ್ಯ ಜೈಲಲ್ಲಿ ಕೊಳೀತಿದ್ದಾನೆ ಅಣ್ಣಾ."

"ಕೊಳೀಲಿ! ಅವನು ನಿಂಗೇನಾಗಬೇಕು?"

ಕೋಪಕ್ಕೆ, ನಿನಗಿಂತ ಮೇಲು ಅವನು, ಬಾಯಿ ಮುಚ್ಚಿಕೊಂಡಿದ್ದಾನೆ ಅಂದುಬಿಟ್ಟೆ. ಇನ್ನು ಈ ಹೊಸಿಲು ತುಳಿಯಬೇಡ, ಗೌರಿಹಬ್ಬಕ್ಕೆ ನನ್ನ ದಾರಿ ಕಾಯಬೇಡ, ತವರು ಮುಗಿಯಿತು ಅಂದ ಅಣ್ಣ. ಅತ್ತಿಗೆ ಒಳಗಿನಿಂದ ಬರಲೇ ಇಲ್ಲ.

ಮುಗಿದರೆ ಮುಗಿಯಲಿ. ಆ ಬಾಗಿನದ ಸೀರೆಗಳನ್ನು ನಾನು ಎಂದಾದರೂ ಉಟ್ಟಿದ್ದೇನೆಯೇ? ಒಂದೂ ಉಟ್ಟಿಲ್ಲ. ಎಲ್ಲ ಹೊಸದಾಗಿ ಹಾಗೇ ಇವೆ, ಈಗ ತೆಗೆದು ನೋಡಿದೆ.

9 ಜನವರಿ 2007

ಶೋಶಾಮ್ಮನವರ ಫೋನು. ಐಸಿನ ಡಬ್ಬದ್ದು ಕುರಿ. ಬ್ಯಾರನ್ನಿನದ್ದು ಚುಕ್ಕೆಜಿಂಕೆ! ಮೂರು ಸಲ ಮಾಡಿದರಂತೆ, ಮೂರು ಸಲವೂ ಜಿಂಕೆ. ಡಾಟಾಬೇಸಿನಲ್ಲಿ ಆ ವಿನ್ಯಾಸದ ಕೆಳಗೆ ಅದನ್ನೂ ಹಾಕಿದ್ದಾರೆ. ಮಹೆಕ್ ಪ್ರಿಂಟು ತೆಗೆದು ಕೊಟ್ಟಳು. ಮಾಂಸ ಒದಗಿಸಿದವರು ಅಂತ ನನ್ನ ಹೆಸರಿದೆ. ಇಡೀ ಪ್ರಪಂಚ ಓದುವ ಜಾಗದಲ್ಲಿ ಬೆಟ್ಟದಪುರದ ಲಿಂಗಾಯತರ ಹೆಣ್ಣುಮಗಳು ಕುರಿಬಾಡು ಒಣಗಿಸಿದಳು ಅಂತ ದಾಖಲಾಯಿತು. ಅಣ್ಣನಿಗೆ ಇಂಟರ್ನೆಟ್ಟು ಗೊತ್ತಿಲ್ಲ, ಪುಣ್ಯ.

ಚಿಕ್ಕಮಾದುವಿಗೆ ಹೇಳಲು ಸಬ್‌ಜೈಲಿಗೆ ಹೋದೆ. ಪಾಪ, ಕೆಮ್ಮುತ್ತಿದ್ದ. ಜೈಲಿನವನಿಗೆ ನಾಲ್ಕು ಮಾತು ಬಿಟ್ಟು ಡಾಕ್ಟರನ್ನು ಕರೆಸಿದೆ.

30 ಜನವರಿ

ಲ್ಯಾಬಿನವನು ಸಾಕ್ಷಿ ಹೇಳಲು ಬಂದ. ಟೈ ಕಟ್ಟಿಕೊಂಡಿದ್ದ. ಈ ದಿನಕ್ಕಾಗಿ ಕಾದಿದ್ದೆ.

"ನಿಮ್ಮ ವಿನ್ಯಾಸವನ್ನು ಡಾಟಾಬೇಸಿಗೆ ಯಾಕೆ ಹಾಕಿದಿರಿ?"

"ಬೇರೆಯವರು ಪರೀಕ್ಷಿಸಲಿ ಅಂತ."

"ಪರೀಕ್ಷಿಸಿದರಲ್ಲ, ಏನು ಹೇಳಿದರು?"

ಬೆವರು ಒರೆಸಿಕೊಂಡ. ಆ ಹೆಂಗಸಿಗೆ ನನ್ನ ಮೇಲೆ ದ್ವೇಷ ಅಂದ. ದ್ವೇಷ ಇರುವವರು ನಿಜ ಹೇಳಬಾರದು ಅಂತ ಕಾನೂನಿದೆಯೇ ಅಂದೆ. ನ್ಯಾಯಾಧೀಶರು ನಕ್ಕರು. ಒಣಮಾಂಸದ ಮೇಲೆ ಒಮ್ಮೆಯಾದರೂ ಪರೀಕ್ಷಿಸಿ ನೋಡಿದ್ದೀರಾ ಅಂದರೆ, ಇಲ್ಲ, ಹಸಿಮಾಂಸ ಮಾತ್ರ ಅಂದ. ಒಳ್ಳೇ ಊಟ ಮಾಡಿದ ಹಾಗಾಯಿತು.

ಆದರೆ ಸರ್ಕಾರಿ ವಕೀಲರು ಹೊರಗೆ ಬಂದು ಒಂದು ಮಾತು ಹೇಳಿದರು. "ಎಲ್ಲ ಸರಿ ಮೇಡಂ. ನಿಮ್ಮ ಕಕ್ಷಿದಾರನದ್ದು ಕಾವಿನಲ್ಲಿ ಒಣಗಿದ್ದು ಅಂತ ಯಾರು ಹೇಳ್ತಾರೆ? ಫಾರೆಸ್ಟಿನವರ ಮುಂದೆ ಬಿಸಿಲು ಅಂದಿದ್ದಾನೆ." ಹಾಳಾದವನು ಸರಿಯಾಗಿಯೇ ಹೇಳಿದ.

12 ಫೆಬ್ರವರಿ

ಇವತ್ತು ನ್ಯಾಯಾಧೀಶರು ಆರೋಪಿಯನ್ನೇ ಪ್ರಶ್ನೆ ಕೇಳುವ ದಿನ. ಬೆಳಿಗ್ಗೆ ಚಿಕ್ಕಮಾದುವಿಗೆ ಹೇಳಿದ್ದೆ: ಯಾವುದೋ ಬ್ಯಾರನ್ನು ಅಂತ ಹೇಳು, ಸಾಕು. ಯಾರದ್ದು ಅಂದರೆ ಸುಮ್ಮನಿರು, ಹೇಳಲೇಬೇಕು ಅಂತ ಯಾರೂ ಬಲವಂತ ಮಾಡುವಂತಿಲ್ಲ. ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ ಅಂತ. ಹಾಗಂದೆ, ಆದರೆ ನೋಡಿಕೊಳ್ಳಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹೆಸರಿಲ್ಲದ ಬ್ಯಾರನ್ನನ್ನು ಯಾವ ಕೋರ್ಟು ನಂಬುತ್ತದೆ?

ವೀರಭದ್ರಸ್ವಾಮಿಯೂ ಬಂದಿದ್ದರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಪಂಚೆ, ಹಿಂದಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು. ತಮ್ಮ ಆಳು ಬರುವ ಹಂಗಾಮಿಗೆ ಸಿಗುತ್ತಾನೋ ಇಲ್ಲವೋ ಅಂತ ನೋಡಿಕೊಂಡು ಹೋಗಲು.

"ಮಾಂಸ ಎಲ್ಲಿ ಒಣಗಿಸಿದೆ?" ನ್ಯಾಯಾಧೀಶರು ಕೇಳಿದರು.

"ಬ್ಯಾರನ್‌ನಾಗೆ ಬುದ್ಧಿ."

"ಯಾರ ಬ್ಯಾರನ್?"

ನಾನು ಬೇಡ ಅಂತ ತಲೆಯಾಡಿಸಿದೆ. ಚಿಕ್ಕಮಾದು ಮೊದಲ ಸಲ ನನ್ನ ಮುಖ ನೋಡಿದ. ಆಮೇಲೆ ತಿರುಗಿ ಹಿಂದಿನ ಬೆಂಚು ನೋಡಿಕೊಂಡೇ ಹೇಳಿದ.

"ನಮ್ ಧಣಿ ವೀರಭದ್ರಸ್ವಾಮ್ಯೋರ್ದು ಬುದ್ಧಿ. ಅವ್ರಿಗೆ ಗೊತ್ತಿಲ್ಲ. ಹಂಗಾಮು ಹಂಗಾಮಿಗೂ ಕಟ್ತೀನಿ, ಊರಾಗೆ ಬೆಂಕಿ ಹಾಕೋರೆಲ್ಲಾ ಕಟ್ತಾರೆ. ಬಿಸ್ಲು ಅಂದಿದ್ದು ಸುಳ್ಳು, ತಪ್ಪಾಯ್ತು. ನಮ್ ಲಾಯ್ರವ್ವ ನಂಗೋಸ್ಕರ ತವರುಮನೆ ಕಳ್ಕಂಡವ್ರೆ ಅಂತ ನಮ್ಮನೆಯೋಳು ಏಳುದ್ಲು. ಅವ್ರು ಕಳ್ಕಂಡ್ ಮ್ಯಾಕೆ ನಾನು ಮನೆ ಉಳುಸ್ಕಂಡು ಏನ್ ಮಾಡ್ಲಿ ಬುದ್ಧಿ?"

ವೀರಭದ್ರಸ್ವಾಮಿ ಎದ್ದು ಹೋದರು. ಟೈಪಿಸ್ಟು ಬೆರಳು ನಿಲ್ಲಿಸಿ ನೋಡುತ್ತಿದ್ದ. ಟೈಪ್ ಮಾಡ್ರೀ ಅಂತ ಅವನ ಮೇಲೆ ರೇಗಿದೆ.

ಸಂಜೆಯೊಳಗೆ ಮಲ್ಲಾಜಮ್ಮನ ಪಾತ್ರೆಪಡಗವೆಲ್ಲ ರಸ್ತೆಗೆ ಬಂದವಂತೆ. ಎತ್ತಿಕೊಂಡು ಅಂತರಸಂತೆಗೆ ಮಗಳ ಮನೆಗೆ ಹೋಗಿದ್ದಾಳೆ. ಹೇಳಲಿಲ್ಲವೇ, ಸುಮ್ಮನಿರು ಅಂತ? ನನ್ನ ಮಾತು ಕೇಳದ ಕಕ್ಷಿದಾರರನ್ನು ಕಂಡರೆ ನನಗಾಗುವುದಿಲ್ಲ.

14 ಮಾರ್ಚ್

ಶೋಶಾಮ್ಮನವರು ಹೋದ ತಿಂಗಳ ಕೊನೆಗೆ ಬಂದು ಸಾಕ್ಷಿ ಹೇಳಿ ಹೋಗಿದ್ದರು. ಇವತ್ತು ತೀರ್ಪು. ಬಿಡುಗಡೆ.

ಅಂತರಸಂತೆಯಲ್ಲಿ ನನಗೆ ಸ್ವಲ್ಪ ಕೆಲಸವಿತ್ತು, ಹಾಗಾಗಿ ಚಿಕ್ಕಮಾದುವನ್ನು ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಬೈಯುತ್ತಲೇ ಇದ್ದೆ. ವೀರಭದ್ರಸ್ವಾಮಿಗೆ ನೋಟಿಸು ಬರೆದಿಟ್ಟಿದ್ದೇನೆ, ದುಡಿಸಿಕೊಂಡವನನ್ನು ಹೀಗೆ ಬೀದಿಗೆ ಹಾಕುವಂತಿಲ್ಲ, ಹೆಬ್ಬೆಟ್ಟು ಒತ್ತು ಅಂದೆ. ಆ ಲ್ಯಾಬಿನವನ ಮೇಲೂ ಕೇಸು ಹಾಕುತ್ತೇನೆ. ಇದೇನೂ ಕನಿಕರ ಅಲ್ಲ, ನನಗೆ ಆ ಇಬ್ಬರನ್ನೂ ಕಂಡರಾಗದು ಅಷ್ಟೆ. ಅವನು ಹೂಂ ಅನ್ನುತ್ತಾ ಕಿಟಕಿಯಾಚೆ ನೋಡುತ್ತಿದ್ದ.

ಮಗಳು ಕೂಸನ್ನು ಎತ್ತಿಕೊಂಡು ಓಡಿ ಬಂದಳು. ಗಂಡು ಮಗು, ಗುಂಡಗಿದೆ. ಆಗಲೇ ಕತ್ತು ನಿಂತು, ಮಗುಚಿ, ಕೂರುವ ಹಾಗಾಗಿದೆ. ಚಿಕ್ಕಮಾದು ಎರಡೂ ಕೈ ಚಾಚಿದ. ಕೂಸು ಅವನ ಗಡ್ಡ ನೋಡಿ ಕಿಟಾರನೆ ಕಿರುಚಿ ತಾಯಿಯ ಹೆಗಲಿಗೆ ಅಂಟಿಕೊಂಡಿತು. ಮಲ್ಲಾಜಮ್ಮ "ತಾತ ಕಣ್ಲಾ, ನಿಮ್ ತಾತ" ಅಂತ ಎಷ್ಟು ರಮಿಸಿದರೂ ತಿರುಗಿ ನೋಡಲಿಲ್ಲ.

"ಅಳ್ಲಿ ಬುಡವ್ವಾ" ಅಂದ ಅವನು ನನಗೆ, ನಾನೇನೋ ಕೇಳಿದ ಹಾಗೆ. "ಅದುಕ್ಕೇನ್ ಗೊತ್ತು. ನಾನ್ಯಾರೋ." ನಗುತ್ತಲೇ ಅಂದ. ಕೂಸಿಗೆ ಕಾಣದಿರಲಿ ಅಂತ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತ.

ಮನೆ ಹೋದದ್ದಕ್ಕೆ ನೋಟಿಸಿದೆ, ಲ್ಯಾಬಿಗೆ ಕೇಸಿದೆ. ಈ ಆರು ತಿಂಗಳನ್ನು ನಾನು ಯಾರ ಮೇಲೆ ಕೇಸು ಹಾಕಿ ವಾಪಸು ತರಲಿ?